ಐದನೆಯ ಕುರ್ಚಿ

ಪೆಲೋಟಾಸ್, ಜುಲೈ. ಹೀಟರ್ ಕೆಟ್ಟಿತ್ತು.
ಗೋಡೆಗೆ ಬಿಳಿ ಹಾಳೆ ಅಂಟಿಸಿ, ಅದರ ಮುಂದೆ
ಹುಡುಗಿಯನ್ನು ನಿಲ್ಲಿಸಿದ್ದೆವು,
ಐದು ಜನ ನಾವು, ಒಂದು ಕ್ಯಾಮೆರಾ.
ಹೆಸರು ಜುಸಾರಾ. ಬೇಕಿದ್ದದ್ದು ಡಾಕ್ಟರಿಕೆಯ ಸೀಟು.
ಅಂಕ ಸಾಲುತ್ತಿತ್ತು. ಕಪ್ಪು ಸಾಲುತ್ತದೆಯೇ,
ಅದು ನಮ್ಮ ಕೆಲಸ.

ಚೀಲದಿಂದ ಅಜ್ಜಿಯ ಫೋಟೋ ತೆಗೆದಳು.
"ಒಳಗಿಡಮ್ಮ," ಅಂದರು ಅಧ್ಯಕ್ಷರು,
"ನಿಯಮ ನೆತ್ತರು ಕೇಳುವುದಿಲ್ಲ,
ಮುಖ ಅಷ್ಟೆ."
ಅಜ್ಜಿ ಮತ್ತೆ ಕತ್ತಲಿಗೆ ಹೋದಳು.

ಬೆಳಿಗ್ಗೆ ಒಬ್ಬ ಬಂದಿದ್ದ,
ಈ ಚಳಿಯಲ್ಲೂ ಎಲ್ಲಿಂದಲೋ ಬಿಸಿಲು ಬಳಿದುಕೊಂಡು;
ಕಾಲರಿನೊಳಗೆ ಹಾಲು ಹಾಲೇ.
ಅವನದು ಸಲೀಸು.

ಇವಳು ಟ್ಯೂಬ್‌ಲೈಟಿನಡಿ ಒಂದು ಬಣ್ಣ,
ಕಿಟಕಿಗೆ ತಿರುಗಿದರೆ ಇನ್ನೊಂದು.
ನಲವತ್ತು ನಿಮಿಷವಾಯಿತು.

ನನಗೋ ಆ ಅಂಗಡಿ ಕಾವಲಿನವನ ನೆನಪು,
ಸೋಪು ಕೊಳ್ಳಹೋದ ನನ್ನ
ಬೆನ್ನಿಗೇ ಬಿದ್ದವನು.
ಅವನಿಗೆ ಸಮಿತಿ ಬೇಕಿರಲಿಲ್ಲ,
ಅರೆಗಳಿಗೆ ಸಾಕಾಗಿತ್ತು.

ಮಗೂ, ಅಂಗಡಿಗೆ ಹೋದರೆ
ನಿನ್ನ ಹಿಂದೆ ಯಾರಾದರೂ ಬರುತ್ತಾರಾ?
ಕೇಳಬೇಕೆನಿಸಿತು. ಫಾರಮ್ಮಿನಲ್ಲಿ ಆ ಕಾಲಂ ಇಲ್ಲ.
ಇದ್ದದ್ದು ಹೌದು, ಅಲ್ಲ.

ಚಳಿಗೆ ಪೆನ್ನಿನ ಮಸಿ ಕಟ್ಟಿತ್ತು. ಊದಿದೆ.
ಹುಡುಗಿ ನೋಡುತ್ತಿದ್ದದ್ದು ಪೆನ್ನನ್ನಲ್ಲ,
ಹಿಡಿದ ಕೈಯ ಬಣ್ಣವನ್ನು.