ಕಳೆ

ಲಿಫ್ಟಿಗೆ ಇಪ್ಪತ್ತು ತೇತ್ರಿಯ ನಾಣ್ಯ ಹಾಕಬೇಕು.
ಹಾಕಿದರೆ ಕೆಮ್ಮುತ್ತದೆ, ನರಳುತ್ತದೆ,
ಒಲ್ಲದ ಮನಸ್ಸಿನಿಂದ ಏರುತ್ತದೆ ಹದಿನಾಲ್ಕನೆಯ ಮಹಡಿಗೆ.
ಅಲ್ಲಿಂದ ಎದುರು ಕಟ್ಟಡಕ್ಕೊಂದು ಕಬ್ಬಿಣದ ಸೇತುವೆ,
ಕಂಬಿಗೆ ಯಾರದೋ ಒಣಹಾಕಿದ ಕಾಲುಚೀಲ,
ಕೆಳಗೆ ಟ್ಬಿಲಿಸಿ.

ಔಷಧದಂಗಡಿಯ ಪಾಳಿ ಮುಗಿಸಿ ಬಂದಿದ್ದೇನೆ,
ಕೈಗಿನ್ನೂ ಅಯೋಡಿನ್ನಿನ ವಾಸನೆ.
ಟ್ರೈಪಾಡಿನ ಮೂರು ಕಾಲಿಗೆ ಮೂರು ತುಂಡು ರತ್ನಗಂಬಳಿ,
ಗಾಳಿಗೆ ಅಲುಗದಿರಲೆಂದು
ಹೊಟ್ಟೆಗೆ ತೂಗುಹಾಕಿದ ಆಲೂಗಡ್ಡೆ ಚೀಲ.
ಐಎಸ್‌ಒ ನೂರು. ಅಪರ್ಚರ್ ಹನ್ನೊಂದು. ಮೂವತ್ತು ಸೆಕೆಂಡು.
ಆಮೇಲೆ ಉಸಿರು ಹಿಡಿಯುತ್ತೇನೆ, ಯಾಕೋ,
ನನ್ನ ಉಸಿರಿಗೂ ಷಟರಿಗೂ ಏನೂ ಸಂಬಂಧವಿಲ್ಲ.

ಮೂವತ್ತು ಸೆಕೆಂಡಿನಲ್ಲಿ
ಕಾರುಗಳು ಕಾರುಗಳಾಗಿ ಉಳಿಯುವುದಿಲ್ಲ.
ಹೋಗುವುದು ಕೆಂಪು ದಾರ, ಬರುವುದು ಬಿಳಿ ದಾರ,
ನೇಯುವವರೊಬ್ಬರೂ ಕಾಣದ ಮಗ್ಗ.

ಆಗ ಬಂದ ಎದುರು ಕಟ್ಟಡದ ಜುಂಬೇರ್
ಚಪ್ಪಲಿ ಎಳೆಯುತ್ತ, ಹಿಂದೆ
ಕಿವಿಗೆ ಹಳದಿ ಬಿಲ್ಲೆ ಚುಚ್ಚಿಸಿಕೊಂಡ ಬೀದಿನಾಯಿ.
ಸೇತುವೆ ನಡುಗಿತು. ಊರಿನ ಒಂದೊಂದು ದೀಪಕ್ಕೂ ಒಂದೊಂದು ಬಾಲ.
‘ಹಾಳಾಯಿತೆ, ಎತೇರಿ?’
‘ಹಾಳಾಯಿತು.’
‘ಇನ್ನೊಂದು ತೆಗೆ. ನಾನೀಗ ಕಲ್ಲು.’

ಕಲ್ಲಾಗುವುದು ಅವನಿಗೆಲ್ಲಿ ಬಂತು!
ಸಿಗರೇಟು ಕಂಬಿಯಿಂದ ಬಾಯಿಗೆ, ಬಾಯಿಂದ ಕಂಬಿಗೆ.
ನಾಯಿ ಮಾತ್ರ ಕಾಲು ಚಾಚಿ ಮಲಗಿತು.

ಷಟರು ಮುಚ್ಚಿತು. ಪಟ ಬರಲಿಲ್ಲ.
‘ತಾಳು,’ ಎಂದೆ, ‘ಈಗ ಕತ್ತಲನ್ನು ತೆಗೆಯುತ್ತಿದೆ.’
ಬೆಳಕಿಗೆ ಕಣ್ಣು ತೆರೆದಿದ್ದಷ್ಟೇ ಹೊತ್ತು
ಕಣ್ಣು ಮುಚ್ಚಿಕೊಂಡು ಇನ್ನೊಂದು ಪಟ,
ಏನೂ ಇಲ್ಲದ್ದರ ಪಟ.
ಅಲ್ಲೂ ಚುಕ್ಕಿ ಮೂಡುತ್ತವೆ,
ಕಾದ ಸೆನ್ಸರಿನ ಸುಳ್ಳು ನಕ್ಷತ್ರ.
ಮೊದಲನೆಯದರಲ್ಲಿ ಇದನ್ನು ಕಳೆದರೆ
ಉಳಿದದ್ದು ಊರು.

‘ಕತ್ತಲು ಕಳೆಯುವುದಕ್ಕೂ ಯಂತ್ರ!’ ನಕ್ಕ ಜುಂಬೇರ್.
‘ನಾನು ಕತ್ತಲು ಹಂಚುತ್ತಿದ್ದೆ, ಗೊತ್ತಾ?’

ತೊಂಬತ್ತಮೂರರ ಚಳಿಗಾಲ, ಸಬ್‌ಸ್ಟೇಷನ್ನು.
ಗೋಡೆಯ ಮೇಲೆ ಪಟ್ಟಿ:
ಯಾವ ಬಡಾವಣೆಗೆ ಎಷ್ಟು ಹೊತ್ತು.
‘ಒಂದು ರಾತ್ರಿ, ಮಾಕ್ವಾಲಾಗೆ ಆರು ತುಂಬಿತ್ತು,
ನಮ್ಮ ಬೀದಿಗೆ ನಲವತ್ತು ನಿಮಿಷ ಹೆಚ್ಚಿಗೆ ಕೊಟ್ಟೆ.
ಕೇಕು ಬೇಯಬೇಕಲ್ಲ.’
‘ಯಾರದ್ದು ಕಿತ್ತೆ?’
ಸಿಗರೇಟಿನ ತುದಿಯಿಂದ ತೋರಿಸಿದ:
ನದಿಯಾಚೆ, ಎಲ್ಲೋ ಅಲ್ಲಿ.

ನದಿಯಾಚೆ ಎಲ್ಲೋ ಅಲ್ಲಿ
ಅಮ್ಮ ಹೊಲಿಗೆಯಂತ್ರದ ಮೇಲೆ ಕೈಯಿಟ್ಟು
ಕರೆಂಟಿಗೆ ಕಾಯುತ್ತಿದ್ದಳು, ಒಂದು ರಾತ್ರಿಯಲ್ಲ, ಎಲ್ಲ ರಾತ್ರಿ.
ಅರ್ಧ ತೋಳಿನ ಅಂಗಿಗಳು ಕುರ್ಚಿಯ ಮೇಲೆ.
ಕೋಟು ಹೊದ್ದು ನಾನು ಸೀಮೆಎಣ್ಣೆಯ ಹೊಗೆಯಲ್ಲಿ
ಏಳರ ಮಗ್ಗಿ ಒಪ್ಪಿಸುತ್ತಿದ್ದೆ.
ಆ ನಲವತ್ತು ನಿಮಿಷ ನಮ್ಮದೇ ಇರಬಹುದು,
ಪಕ್ಕದ ಬೀದಿಯದೂ ಇರಬಹುದು. ಲೆಕ್ಕ ಇಟ್ಟವರಾರು?

ಹೇಳಬಹುದಿತ್ತು. ಹನ್ನೊಂದು ಸೆಕೆಂಡು ಬಾಕಿ ಇತ್ತು.
‘ಎಂಥ ಕೇಕು?’ ಎಂದೆ.
‘ಅಕ್ರೋಟಿನದು,’ ಎಂದ. ‘ಒಂದು ಬದಿ ಸೀದಿತ್ತು.’

ಪಟ ಬಂತು.
ಊರಿನ ಮುಖದಲ್ಲಿ ಎಂದೂ ಹೊಟ್ಟೆಗಿಲ್ಲದೆ ಮಲಗದವರ ಕಳೆ.
ಕಂಬಿಯ ಹತ್ತಿರ ಗಾಳಿಯಲ್ಲೊಂದು ಕೆಂಪು ಗೀಚು,
ಅಕ್ಷರ ಬಾರದವನ ಸಹಿಯಂತೆ.
ನಾಯಿಯ ಕಿವಿಯ ಬಿಲ್ಲೆಯಲ್ಲಿ ಅಂಕಿ ಓದಬಹುದು,
ಹೊಟ್ಟೆ ಮಾತ್ರ ಮಸುಕು:
ಉಸಿರಾಡಿದೆ.

‘ನಾನೆಲ್ಲಿ?’ ಎಂದ.
ಕೆಂಪು ಗೀಚನ್ನು ತೋರಿಸಿದೆ.
ಬಹಳ ಹೊತ್ತು ನೋಡಿದ, ಕನ್ನಡಕ ಹಣೆಗೇರಿಸಿ.

ಮೆನುವಿಗೆ ಹೋಗಿ
ಕಳೆಯುವ ಆ ಸೌಕರ್ಯವನ್ನು ಆರಿಸಿದೆ.
ಚುಕ್ಕಿ ಇದ್ದರೆ ಇರಲಿ.
‘ಇನ್ನೊಂದು,’ ಎಂದೆ, ‘ಸಿಗರೇಟು ಕೆಳಗಿಡು,
ಈ ಸಲ ಅಲುಗಬೇಡ.’

ತಳದಲ್ಲೆಲ್ಲೋ ಲಿಫ್ಟು
ಯಾರದೋ ನಾಣ್ಯ ನುಂಗಿದ ಸದ್ದು.
ಅವರು ಹದಿನಾಲ್ಕಕ್ಕೆ ಬರುವುದರೊಳಗೆ
ಒತ್ತಬೇಕು.