ನೆಲ ಉಜ್ಜುವವಳ ಉತ್ತರ

ವಯಸ್ಸೆಷ್ಟು ಈ ಅರಮನೆಗೆ, ಎಂದಿರಿ.
ಅರಮನೆ ಅನ್ನುವುದು ನೀವು. ವೆನಿಸ್ಸಿನವರು ನಾವು
ಎಷ್ಟೇ ದೊಡ್ಡದಿರಲಿ, ಮನೆ ಅಂತಲೇ ಕರೆಯುವುದು.
ಕಾ ಬರಿಝೋನ್. ಬರಿಝೋನರ ಮನೆ.
ಬರಿಝೋನರು ಮುಗಿದೇ ಇನ್ನೂರು ವರ್ಷವಾಯಿತು.

ತಲೆಯೆತ್ತಿ ನೋಡಿದವರು ಹೇಳುವುದು ಬೇರೆ:
ನಾಲ್ಕೆಸಳ ಹೂ ಕೊರೆದ ಕಲ್ಲಿನ ಕಿಟಕಿಸಾಲು,
ಅದರಡಿಗೆ ಅದಕ್ಕಿಂತ ಹಳೆಯದೊಂದು ಗುಂಡು ಕಮಾನು,
ಮುತ್ತಜ್ಜಿಯ ಮೂಗು ಮರಿಮಗಳ ಮುಖದಲ್ಲಿ ಉಳಿದುಬಂದ ಹಾಗೆ.
ನಾನು ಮಂಡಿಯೂರಿ ನೋಡಿದವಳು, ಮೂವತ್ತೊಂದು ವರ್ಷ.
ನನಗೆ ಗೊತ್ತಿರುವುದು ಕೆಳಗಿನದು.

ಎಲ್ಲಕ್ಕಿಂತ ಕೆಳಗೆ ಕೆಸರು.
ಕೆಸರೊಳಗೆ ತಲೆಕೆಳಗಾಗಿ ಇಳಿಸಿದ ಮರದ ಗೂಟಗಳು,
ಗಾಳಿ ಸೋಕದೆ, ಕೊಳೆಯುವುದನ್ನೇ ಮರೆತವು.
ಒಂದು ಕಾಡನ್ನು ಹೂತು, ಮೇಲೆ ಹಲಗೆ ಹಾಸಿ,
ಹಲಗೆಯ ಮೇಲೆ ಇಸ್ಟ್ರಿಯಾದ ಬಿಳಿಗಲ್ಲು,
ಉಪ್ಪುನೀರಿಗೆ ಇಲ್ಲಿಗೆ ಸಾಕು ಎನ್ನುವ ಕಲ್ಲು.
ಈಚೆಗೆ ನೀರು ಅದರ ಮಾತು ಕೇಳುವುದಿಲ್ಲ.
ಇಟ್ಟಿಗೆಗೆ ಹತ್ತಿ ಕೂತು, ಒಣಗಿ, ಉಪ್ಪಾಗಿ ಅರಳಿ,
ಗೋಡೆಯನ್ನು ಹಿಟ್ಟು ಮಾಡುತ್ತದೆ.
ನಾಲಿಗೆಗೆ ಹಚ್ಚಿ ನೋಡಿ, ಬೇಕಾದರೆ.

ನೀರಬಾಗಿಲಿಂದ ಬಂದದ್ದು ಕರಿಮೆಣಸು.
ಕೆಳಗೆ ಮೂಟೆ, ಮೇಲೆ ಬೆಲೆಯ ಮಾತು.
ಅಂಗಳದಲ್ಲಿ ಬಾವಿ; ನಿಜಕ್ಕದು ಬಾವಿಯಲ್ಲ,
ಮಳೆ ಹಿಡಿದು ಮರಳಲ್ಲಿ ಸೋಸಿಟ್ಟ ತೊಟ್ಟಿ.
ಸುತ್ತ ನೀರಿದ್ದೂ ಕುಡಿಯಲು ಆಕಾಶವನ್ನೇ ಬೇಡಬೇಕಿತ್ತು.
ಕಲ್ಲಿನ ಬಾಯಂಚಿನಲ್ಲಿ ಹಗ್ಗ ಕೊರೆದ ಗೀರುಗಳು
ಹನ್ನೊಂದು. ಎಣಿಸಿದ್ದೇನೆ.
ಬರಿಝೋನರು ಯಾರೂ ನೀರು ಸೇದಿದವರಲ್ಲ.

ಕೊನೆಯವನು ಇಸ್ಪೀಟಾಡಿ ಎರಡನೆಯ ಮಹಡಿ ಸೋತನಂತೆ.
ಅವನ ವಿಧವೆ ಚಾವಣಿಯ ಚಿನ್ನದ ರೇಕು ಕೆರೆದು ಮಾರಿದಳಂತೆ.
ಆಮೇಲೆ ಆಸ್ಟ್ರಿಯದ ಸಿಪಾಯಿಗಳು,
ಗಾಜಿನ ಮಣಿ ಪೋಣಿಸುವ ಹೆಂಗಸರು, ತೆರಿಗೆ ಕಚೇರಿ.
ಎಲ್ಲ ಅಂತೆ. ನೆಲಕ್ಕೆ ಅಂತೆ ಎನ್ನಲು ಬರುವುದಿಲ್ಲ:
ಇಗೋ ಮಂಚದ ಕಾಲೂರಿದ ಗುಳಿ,
ಇಗೋ ಬೂಟಿನ ಮೊಳೆ,
ಬಿರುಕಿನಲ್ಲಿ ಒಂದು ಹಸಿರು ಮಣಿ, ತೆಗೆಯಲಿಲ್ಲ ನಾನು.

ಸುಣ್ಣ, ಇಟ್ಟಿಗೆಪುಡಿ, ಅಮೃತಶಿಲೆಯ ಚೂರು,
ತಿಂಗಳುಗಟ್ಟಲೆ ಉಜ್ಜಿ ಅಗಸೆಯೆಣ್ಣೆ ಕುಡಿಸಿದ ನೆಲ ಇದು.
ಮನೆ ಕುಸಿದತ್ತ ತಾನೂ ಬಾಗುತ್ತದೆ.
ಗೋಲಿ ಬಿಟ್ಟರೆ ಕಾಲುವೆಯ ಕಡೆಗೇ ಓಡುತ್ತದೆ,
ಯಾವ ಮೂಲೆಯಿಂದ ಬಿಟ್ಟರೂ.

ಮೂರನೆಯ ಕಿಟಕಿಯ ಕೆಳಗೆ ಬನ್ನಿ. ಬಗ್ಗಬೇಕು.
ಯುದ್ಧದ ಚಳಿಯಲ್ಲಿ ನಿರಾಶ್ರಿತರು ಇಲ್ಲೇ ಒಲೆ ಹೂಡಿದ್ದರು.
ಸುಟ್ಟ ಜಾಗಕ್ಕೆ ತೇಪೆ ಹಾಕಿದವನು ಬೊರ್ತೊಲೊ, ನನ್ನಜ್ಜ.
ಶಿಲೆ ಸಾಲಲಿಲ್ಲ. ಕೊಳ್ಳಲು ಕಾಸಿರಲಿಲ್ಲ.
ಬೂದು, ಕೆಂಪು, ಬೂದುಗಳ ನಡುವೆ ಈ ನೀಲಿ ಕಂಡಿತೆ?
ಅದು ಪಿಂಗಾಣಿ.
ಅಜ್ಜಿ ಓರ್ಸೊಲಾ ವಾರವಿಡೀ ಮಾತು ಬಿಟ್ಟಿದ್ದಳು.
ನಮ್ಮ ಕಪಾಟಿನಲ್ಲಿ ಇವತ್ತಿಗೂ ಐದೇ ಬಟ್ಟಲು,
ನೀಲಿ ಅಂಚಿನವು; ಆರನೆಯದು ಬರಿಝೋನರಲ್ಲಿ.

ಹೋಟೆಲು ಮಾಡುತ್ತೀರಂತೆ, ರತ್ನಗಂಬಳಿ ಹಾಸುತ್ತೀರಂತೆ.
ಹಾಸಿ. ಸುಟ್ಟದ್ದನ್ನೇ ತಡೆದುಕೊಂಡ ನೆಲ.
ವಯಸ್ಸು ಕಾಗದಗಳಲ್ಲಿದೆ, ನಿಮ್ಮ ವಕೀಲರನ್ನು ಕೇಳಿ.
ಎಣ್ಣೆ ಒಣಗಲು ಇನ್ನೂ ಮೂರು ದಿನ.
ಅಲ್ಲಲ್ಲ, ಅಲ್ಲಿ ಕಾಲಿಡಬೇಡಿ,
ಗೋಡೆ ಹಿಡಿದು ಹೋಗಿ.