ಇಪ್ಪತ್ತನೆಯ ಬೀದಿಯ ತಾರಸಿ

ನಮ್ಮ ಅಟ್ಟದ ತೊಲೆಯ ಮೇಲೆ ಪೆನ್ಸಿಲ್ಲಿನಲ್ಲಿ
ಒಂದರಿಂದ ಹದಿನೆಂಟರವರೆಗೆ ಅಂಕಿ.
ಹನ್ನೊಂದರ ಪಕ್ಕ: ‘ಕಂಬ ಅಡ್ಡ. ಹತ್ತು ಸೆಂಟ್ ಕಡಿಮೆ.’
ಬರೆದವಳು ಹನೋರಾ ಮೆಗ್ಲಿಂಚಿ.
ನಮಗಿಂತ ಮೊದಲು ಈ ಮನೆ ಅವಳದು.
ನಾನವಳ ಮುಖ ಕಂಡಿಲ್ಲ,
ಒಂಬತ್ತಕ್ಕೆ ಉದ್ದ ಬಾಲ ಬಿಡುವ ಕೈ ಮಾತ್ರ ಬಲ್ಲೆ.

ಬೀದಿಯಾಚೆ ಬೇಸ್‌ಬಾಲ್ ಮೈದಾನ, ಗೋಡೆ ಹನ್ನೆರಡೇ ಅಡಿ.
ಹೆಣದ ಪೆಟ್ಟಿಗೆಯ ಅಂಗಡಿಯಿಂದ ಬಾಡಿಗೆ ಕುರ್ಚಿ ತಂದು
ತಾರಸಿಗೆ ಸಾಲು ಹಾಕುತ್ತಿದ್ದಳಂತೆ.
ಬಂದವರು ಅಡುಗೆಮನೆ ಹಾದು,
ಮಲಗಿದ ಕೂಸಿನ ತೊಟ್ಟಿಲ ಬಳಿ ಟೋಪಿ ತೆಗೆದು,
ತುದಿಗಾಲಲ್ಲಿ ಏಣಿ ಹತ್ತುತ್ತಿದ್ದರಂತೆ.
ಮೇಲೆ ಹೋದ ಮೇಲೆ ಕೂಗಾಟಕ್ಕೆ ಕೂಸು ಏಳುತ್ತಿತ್ತು, ಅದು ಬೇರೆ ಮಾತು.

ಮೂವತ್ತೈದರ ವಸಂತಕ್ಕೆ ಮುಂಚೆ ಮಾಲೀಕರು
ಗೋಡೆಯ ಮೇಲೆ ತಗಡು ನಿಲ್ಲಿಸಿದರು, ಮೂವತ್ತನಾಲ್ಕು ಅಡಿಗೆ.
ಬೀದಿ ಅದಕ್ಕಿಟ್ಟ ಹೆಸರು ಹೊಟ್ಟೆಕಿಚ್ಚಿನ ಬೇಲಿ.
ಕುರ್ಚಿಗಳು ಹೆಣಗಳ ಬಳಿಗೇ ಮರಳಿದವು.

ಬೇಲಿಯೇ ಎದ್ದು ಹೊಲ ಮೇಯ್ದಂತೆ ಅನ್ನಬೇಡಿ.
ಇದೇ ಲೀಹೈ ರಸ್ತೆಯಲ್ಲಿ ಆರು ಬೀದಿ ಆಚೆ
ಇನ್ನೂ ಹಳೆಯ ಮೈದಾನವೊಂದಿತ್ತು, ಅಲ್ಲಿ ಮೇಯುತ್ತಿದ್ದದ್ದು ನಿಜವಾದ ಕುರಿ.
ಹುಲ್ಲು ಕತ್ತರಿಸುವ ಖರ್ಚು ಉಳಿಯಿತಲ್ಲ.
ಅಲ್ಲೇ, ಸಾವಿರದ ಒಂಬೈನೂರ ಮೂರರಲ್ಲಿ,
ದುಡ್ಡು ಕೊಟ್ಟು ಒಳಗೆ ಹೋದವರು
ಹೊರಗೆ ಬೀದಿಯಲ್ಲಿ ಯಾರೋ ಕಿರುಚಿದರೆಂದು
ಆಟಕ್ಕೆ ಬೆನ್ನು ಹಾಕಿ ಮರದ ಮೊಗಸಾಲೆಗೆ ನುಗ್ಗಿದರು.
ಬಾಗಿದರು. ಮೊಗಸಾಲೆಯೂ ಬಾಗಿತು.
ಹನ್ನೆರಡು ಜನ.
ನೋಡುವ ಚಟಕ್ಕೆ ಒಳಗೂ ಇಲ್ಲ, ಹೊರಗೂ ಇಲ್ಲ.

ಬಿಯರ್ ಕುದಿಸುವ ಬೀದಿಗಳ ನಡುವೆ ಮತ್ತೊಂದಿತ್ತಂತೆ,
ಗೆದ್ದರೂ ಸೋತರೂ ಒಂದೇ ವಾಸನೆ.
ಅದರ ಬಗ್ಗೆ ನನಗೆ ಅಷ್ಟೇ ಗೊತ್ತು.

ಐವತ್ತೊಂದರಲ್ಲಿ ಈ ಮನೆ ಕೊಂಡವಳು ನನ್ನಮ್ಮ, ಒಡೆಸ್ಸಾ ಪಿಂಕ್ನಿ.
ದಕ್ಷಿಣ ಕೆರೊಲಿನಾದ ಬಸ್ಸಿಳಿದು ಬಂದವಳಿಗೆ
ಬೇಸ್‌ಬಾಲ್ ಬೇಕಿರಲಿಲ್ಲ, ಮೂರು ಕೋಣೆ ಬೇಕಿತ್ತು.
ಹನೋರಾಳ ಕೊಕ್ಕೆಗಳಿಗೆ ಬಟ್ಟೆ ಹಗ್ಗ ಕಟ್ಟಿದಳು.
ಪಡುವಣಕ್ಕೆ ತಗಡು. ನಮ್ಮ ಬೀದಿಗೆ ಹೊತ್ತು ಬೇಗ ಮುಳುಗುತ್ತಿತ್ತು,
ಸಾಕ್ಸು ಒಣಗುತ್ತಿರಲಿಲ್ಲ.
ಆದರೆ ಚೆಂಡು ತಗಡಿಗೆ ಬಡಿದಾಗ
ಇಸ್ತ್ರಿಯಿಂದ ತಲೆ ಎತ್ತದೆ ಹೇಳುತ್ತಿದ್ದಳು: ‘ಎರಡು ಬೇಸ್.’
ಒಂದು ಆಟವನ್ನೂ ಕಣ್ಣಲ್ಲಿ ಕಾಣದವಳು.
ನಾನು ರೇಡಿಯೊ ಕಿವಿಗೆ ಹಚ್ಚಿ ಕಾಯುತ್ತಿದ್ದೆ. ಎರಡೇ.

ಎಪ್ಪತ್ತರ ಅಕ್ಟೋಬರ್, ಕೊನೆಯ ರಾತ್ರಿ:
ಸ್ಪ್ಯಾನರ್ ಹಿಡಿದು ಬಂದ ಊರಿಗೆ ಊರೇ ಆಸನ ಕಿತ್ತು ಹೊತ್ತಿತು.
ಒಬ್ಬ ಕಮೋಡ್ ಹೊತ್ತು ನಮ್ಮ ಬಾಗಿಲ ಮುಂದೆ ಹೋದ,
ದೇವರನ್ನು ಹೊತ್ತವನ ಗಾಂಭೀರ್ಯದಲ್ಲಿ.
ಮರುವರ್ಷ ಆಗಸ್ಟಿನಲ್ಲಿ ಬೆಂಕಿ ಬಿತ್ತು.
ಹೊಟ್ಟೆಯ ಕಿಚ್ಚಿಗೆ ಹೊರಗಿನ ಕಿಚ್ಚು ತಾಗಿ
ತಗಡು ಕೆಂಪಾಗುವುದನ್ನು
ಕೂದಲಿಗೆ ಸುರುಳಿ ಸುತ್ತಿಕೊಂಡೇ ಅಮ್ಮ ತಾರಸಿಯಿಂದ ನೋಡಿದಳು.

ಎಪ್ಪತ್ತಾರಕ್ಕೆ ಎಲ್ಲ ನೆಲಸಮ.
ಹತ್ತಿ ನೋಡಿದರೆ ಮೊದಲ ಸಲ ಪೂರ್ತಿ ಕಂಡಿತು:
ಕಳೆ, ಒಂದು ಹಾಸಿಗೆ, ಮೂರನೇ ಬೇಸಿಗೆ ಅಡ್ಡದಾರಿಯಲ್ಲಿ ಓಡುವ ನಾಯಿ.
ಸಾಕ್ಸು ಮಾತ್ರ ಒಣಗತೊಡಗಿದವು.

ತೆಂಕಣ ಫಿಲಡೆಲ್ಫಿಯಾದಲ್ಲಿ ಕಟ್ಟಿದ ದುಂಡು ಕಾಂಕ್ರೀಟು
ಮೂವತ್ಮೂರು ವರ್ಷ ಬಾಳಿ ಅರವತ್ತೆರಡು ಸೆಕೆಂಡಿನಲ್ಲಿ ಕುಸಿಯಿತು;
ಟಿವಿಯಲ್ಲಿ ನೋಡಿದೆ, ಕಾಫಿ ಆರಿರಲಿಲ್ಲ.
ಪಕ್ಕದ ಹೊಸದರೊಳಗೆ ಒಂದು ತಾರಸಿ ಕಟ್ಟಿ
ಮೇಲೆ ಬೆಂಚು ಹಾಕಿದರು,
ನಮ್ಮ ಬೀದಿಯ ನೆನಪಿಗಂತೆ.
ಮಗಳು ಕರೆದೊಯ್ದಳು. ಟಿಕೆಟ್ಟಿನ ಬೆಲೆ ಹೇಳಲಿಲ್ಲ,
ನಾನು ಕೇಳಲೂ ಇಲ್ಲ.
ಅಲ್ಲಿಂದ ಆಟ ಚೆನ್ನಾಗಿಯೇ ಕಾಣುತ್ತಿತ್ತು.
ಯಾರ ತೊಟ್ಟಿಲೂ ದಾಟಬೇಕಿರಲಿಲ್ಲ.

ಹಳೆಯ ಜಾಗದಲ್ಲಿ ಈಗ ಚರ್ಚು.
ಬಲಗಡೆಯ ಫೀಲ್ಡರ್ ನಿಲ್ಲುತ್ತಿದ್ದಲ್ಲಿ, ಅಂದಾಜು,
ಭಾನುವಾರ ನಾನು ಕೂರುತ್ತೇನೆ.

ಕಳೆದ ತಿಂಗಳು ಸೂರು ರಿಪೇರಿಗೆ ಬಂದ ಹುಡುಗ
ತೊಲೆಗೆ ಬಣ್ಣ ಬಳಿಯಲೇ ಎಂದ.
ಬೇಡ ಎಂದೆ.
ಆ ಕಂಬ ಎಂದೋ ಬಿದ್ದುಹೋಗಿದೆ;
ಹನ್ನೊಂದಕ್ಕೆ ಈಗ ಪೂರ್ತಿ ಬೆಲೆ.